ಝಳವೂ ಸೆಕೆಯೂ: ಗಡಿನಾಡ ಬೇಸಿಗೆಯಲ್ಲಿ ನಾಯಿಯ ಪಾಡು

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡಿಗರು ಬ್ಯಾಸಗಿ ಬಂತೆಂದರೆ ‘ಝಳ ಬಡೀತದ’ ಎನ್ನುತ್ತಾರೆ. ಕಾಸರಗೋಡು, ಮಂಜೇಶ್ವರದ ಕನ್ನಡಿಗರು ‘ಸೆಕೆ ತಡೆಯಲಿಕ್ಕಾಗುವುದಿಲ್ಲ’ ಎನ್ನುತ್ತಾರೆ. ಎರಡೂ ಬೇಸಿಗೆಯ ಮಾತುಗಳೇ. ಆದರೆ ಎರಡರ ಅರ್ಥ ಒಂದೇ ಅಲ್ಲ. ಝಳ ಅಂದರೆ ಒಣ ಬಿಸಿ, ಮೈಮೇಲಿನ ಹಸಿಯನ್ನೆಲ್ಲ ಹೀರುವ ಬಿಸಿ. ಸೆಕೆ ಅಂದರೆ ಹಸಿ ಬಿಸಿ, ಎಷ್ಟು ಬೆವರಿದರೂ ಆರದ ಬಿಸಿ. ಏಪ್ರಿಲ್-ಮೇ ತಿಂಗಳಲ್ಲಿ ಸೊಲ್ಲಾಪುರದಲ್ಲಿ ಪಾದರಸ 42-43 ಡಿಗ್ರಿಗೆ ಏರುವುದು ಮಾಮೂಲು. ಕಾಸರಗೋಡಿನಲ್ಲಿ ಅದು 34ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೂ ಅಲ್ಲಿಯ ಜನ ಇಲ್ಲಿಯವರಷ್ಟೇ ಬಳಲುತ್ತಾರೆ.

ಈ ವ್ಯತ್ಯಾಸ ನಮಗೆ ಬರೀ ಮಾತಿನದು ಅನ್ನಿಸಬಹುದು. ಆದರೆ ನಮ್ಮ ಬಾಗಿಲಲ್ಲಿ ಮಲಗುವ, ಕುರಿಹಿಂಡಿನ ಹಿಂದೆ ನಡೆಯುವ, ತೋಟ ಕಾಯುವ ನಾಯಿಗೆ ಅದು ಜೀವನ್ಮರಣದ ಪ್ರಶ್ನೆ. ಬಿಸಿಲಿಗೆ ಬಿದ್ದ ನಾಯಿಯನ್ನು ಉಳಿಸಿಕೊಳ್ಳಬೇಕಾದರೆ ಅದು ಬಿದ್ದದ್ದು ಝಳಕ್ಕೋ ಸೆಕೆಗೋ ಎಂಬುದನ್ನು ಮೊದಲು ತಿಳಿಯಬೇಕು.

‘ನಾಯಿಗೇನ್ರೀ ಆಗ್ತದ, ಅದಕ್ಕ ಬಿಸಲ ರೂಢಿ ಅದ’ ಎಂಬ ಮಾತು ಹಳ್ಳಿಗಳಲ್ಲಿ ಸಾಮಾನ್ಯ. ಅದರಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧಕ್ಕೆ ಪ್ರತಿ ಬೇಸಿಗೆಯಲ್ಲೂ ನಾಯಿಗಳು ಬಲಿಯಾಗುತ್ತವೆ.

ಬೆವರಿಲ್ಲದ ಪ್ರಾಣಿ

ಮನುಷ್ಯನ ಮೈತುಂಬ ಬೆವರಿನ ಗ್ರಂಥಿಗಳಿವೆ. ಬೆವರು ಆರುವಾಗ ಮೈಯ ಬಿಸಿಯನ್ನು ಜತೆಗೆ ಒಯ್ಯುತ್ತದೆ. ನಾಯಿಗೆ ಆ ಸೌಲಭ್ಯವಿಲ್ಲ. ಅದರ ಅಂಗಾಲಿನಲ್ಲಿ ಒಂದಿಷ್ಟು ಬೆವರು ಬರುತ್ತದಾದರೂ ಮೈ ತಣಿಸುವಷ್ಟು ಅಲ್ಲ. ಅದಕ್ಕಿರುವುದು ಒಂದೇ ದಾರಿ: ಬಾಯಿ ತೆರೆದು, ನಾಲಿಗೆ ಚಾಚಿ ಏದುವುದು. ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ ಇಪ್ಪತ್ತು ಮೂವತ್ತು ಬಾರಿ ಉಸಿರಾಡುವ ನಾಯಿ, ಸುಡುವ ಬಿಸಿಲಲ್ಲಿ 300 ಸಲ, ಅದಕ್ಕೂ ಮೀರಿ ಏದುತ್ತದೆ. ನಾಲಿಗೆ, ಮೂಗು, ಗಂಟಲಿನ ಹಸಿ ಆವಿಯಾಗಿ ಹೋದಂತೆ ಅಲ್ಲಿ ಹರಿಯುವ ರಕ್ತ ತಣ್ಣಗಾಗುತ್ತದೆ.

ಆರೋಗ್ಯವಂತ ನಾಯಿಯ ಮೈ ತಾಪ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಸೆಲ್ಸಿಯಸ್ ಲೆಕ್ಕದಲ್ಲಿ 38ರಿಂದ 39ರ ಸುಮಾರು. ಹೊರಗಿನ ಗಾಳಿ ಇದಕ್ಕಿಂತ ತಣ್ಣಗಿದ್ದರೆ ಮೈಯ ಬಿಸಿ ತಾನಾಗಿಯೇ ಹೊರಗೆ ಹೋಗುತ್ತದೆ. ಹೊರಗೆ 42 ಡಿಗ್ರಿ ಇದ್ದಾಗ ಲೆಕ್ಕ ತಿರುಗುಮುರುಗು! ಆಗ ಗಾಳಿಯೇ ನಾಯಿಯ ಮೈಗೆ ಬಿಸಿ ಸೇರಿಸುತ್ತದೆ. ಉಳಿಯುವುದು ಏದುಸಿರೊಂದೇ. ಏದಲು ನೀರು ಬೇಕು. ನೀರಿಲ್ಲದ ನಾಯಿಗೆ ಏದಿಯೂ ಪ್ರಯೋಜನವಿಲ್ಲ. ಇದು ಝಳದ ನಾಡಿನ ಅಪಾಯ.

ಕರಾವಳಿಯ ಸೆಕೆಯಲ್ಲಿ ಬೇರೆಯೇ ತೊಂದರೆ. ಅಲ್ಲಿ ನೀರಿಗೆ ಅಷ್ಟಾಗಿ ಬರವಿಲ್ಲ. ಆದರೆ ಗಾಳಿಯೇ ಹಸಿಯಾಗಿರುವುದರಿಂದ ನಾಲಿಗೆಯ ಹಸಿ ಆರುವುದಿಲ್ಲ. ನಾಯಿ ಏದುತ್ತಲೇ ಇರುತ್ತದೆ, ತಾಪ ಇಳಿಯುವುದಿಲ್ಲ. ಏದುವ ಶ್ರಮದಿಂದಲೇ ಮೈ ಇನ್ನಷ್ಟು ಕಾಯುತ್ತದೆ. ‘ಬರೀ 34 ಡಿಗ್ರಿ ಅಲ್ಲವೇ’ ಎಂದು ಮಧ್ಯಾಹ್ನ ನಾಯಿಯನ್ನು ಓಡಾಡಿಸುವವರು ಇದನ್ನು ನೆನಪಿಡಬೇಕು.

ನಮ್ಮ ನಡುವಿನ ಸೌನಾಗಳು

ಫಿನ್ಲೆಂಡ್ ದೇಶದಲ್ಲಿ ‘ಸೌನಾ’ ಎಂಬ ಬಿಸಿ ಕೋಣೆಯ ಸ್ನಾನ ಮನೆಮನೆಯ ಪದ್ಧತಿ. ಸುಮಾರು 55 ಲಕ್ಷ ಜನರಿರುವ ಆ ನಾಡಿನಲ್ಲಿ ಸೌನಾಗಳೇ 30 ಲಕ್ಷದಷ್ಟಿವೆಯಂತೆ. 2020ರಲ್ಲಿ ಯುನೆಸ್ಕೋ ಈ ಪದ್ಧತಿಯನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಕೋಣೆಯನ್ನು 80 ಡಿಗ್ರಿಯವರೆಗೆ, ಕೆಲವೊಮ್ಮೆ ಅದಕ್ಕೂ ಮೇಲೆ ಕಾಯಿಸಿ, ಕಾದ ಕಲ್ಲುಗಳ ಮೇಲೆ ನೀರು ಸುರಿದು ಆವಿ ಎಬ್ಬಿಸುತ್ತಾರೆ. ಮನುಷ್ಯ ಚೆನ್ನಾಗಿ ಬೆವರುತ್ತಾನೆ, ಸಾಕೆನಿಸಿದಾಗ ಎದ್ದು ಹೊರಗೆ ಬರುತ್ತಾನೆ. ನಾಯಿಯನ್ನು ಒಳಗೆ ಬಿಟ್ಟುಕೊಳ್ಳಬಾರದೆಂದು ಪಶುವೈದ್ಯರು ಹೇಳುವುದು ಇದೇ ಕಾರಣಕ್ಕೆ. ನಾಯಿಗೆ ಬೆವರೂ ಇಲ್ಲ, ಬಾಗಿಲು ತೆರೆಯುವ ಕೈಯೂ ಇಲ್ಲ.

ನಮ್ಮಲ್ಲೆಲ್ಲಿ ಸೌನಾ ಎಂದು ನಗಬೇಡಿ. ಬಾಗಿಲು ಹಾಕಿದ ಕಾರು ಒಂದು ಸೌನಾ. ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗಿನ ತಾಪ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತು. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಏರಿದ್ದು ಮೊದಲ ಅರ್ಧ ಗಂಟೆಯಲ್ಲೇ. ಗಾಜನ್ನು ಒಂದಿಷ್ಟು ಇಳಿಸಿಟ್ಟರೂ ಹೇಳಿಕೊಳ್ಳುವ ಉಪಯೋಗವಾಗಲಿಲ್ಲ. ಅದು ಹಿತವಾದ ಹವೆಯ ದಿನಗಳಲ್ಲಿ ಮಾಡಿದ ಪರೀಕ್ಷೆ. ಅಕ್ಕಲಕೋಟೆಗೋ ಪಂಢರಪುರಕ್ಕೋ ಬಂದು, ‘ದರ್ಶನ ಮುಗಿಸಿ ಹತ್ತು ನಿಮಿಷದಾಗ ಬರ್ತೀವಿ’ ಎಂದು ನಾಯಿಯನ್ನು ಕಾರಿನಲ್ಲಿ ಬಿಟ್ಟುಹೋದರೆ ಏನಾದೀತು, ಊಹಿಸಿ. ಬ್ಯಾಸಗ್ಯಾಗ ದರ್ಶನದ ಪಾಳಿ ಹತ್ತು ನಿಮಿಷಕ್ಕೆ ಮುಗಿಯುವುದುಂಟೇ!

ಹಿತ್ತಲಿನ ತಗಡಿನ ಶೆಡ್ಡು ಇನ್ನೊಂದು ಸೌನಾ. ನೆರಳಿದೆಯೆಂದು ನಾಯಿಯನ್ನು ಅದರಡಿ ಕಟ್ಟುತ್ತೇವೆ. ಕಾದ ತಗಡು ಮೇಲಿನಿಂದ ಕಾವು ಸುರಿಸುತ್ತಲೇ ಇರುತ್ತದೆ. ಮೇಲೆ ಜೋಳದ ದಂಟು, ಕಬ್ಬಿನ ರವದಿ, ತೆಂಗಿನ ಗರಿ ಏನಾದರೂ ಹೊದಿಸಿದರೆ, ನಾಲ್ಕೂ ಕಡೆ ಗಾಳಿಯಾಡುವಂತೆ ಬಿಟ್ಟರೆ, ಅದೇ ಶೆಡ್ಡು ಎಷ್ಟೋ ವಾಸಿ. ಕಾಸರಗೋಡಿನ ಮನೆಗಳಲ್ಲಿ ಮಳೆಗಾಲದ ರೂಢಿಯಿಂದ ನಾಯಿ ಬಚ್ಚಲೊಲೆಯ ಬುಡದಲ್ಲಿ ಮಲಗುವುದುಂಟು. ಬೇಸಿಗೆಯಲ್ಲಿ ಹಂಡೆಗೆ ಉರಿ ಹಾಕಿದ ಬಚ್ಚಲ ಬಾಗಿಲು ಮುಚ್ಚುವಾಗ ಅದು ಒಳಗೇ ಉಳಿದಿಲ್ಲ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಎಲ್ಲಕ್ಕಿಂತ ಹೆಚ್ಚಿನ ಅನಾಹುತ ಸರಪಳಿಯದು. ಬೆಳಿಗ್ಗೆ ಎಂಟಕ್ಕೆ ಬೇವಿನ ಮರದ ನೆರಳಲ್ಲಿ ನಾಯಿಯನ್ನು ಕಟ್ಟಿ ಹೊಲಕ್ಕೆ ಹೋಗುತ್ತೇವೆ. ಹನ್ನೆರಡಕ್ಕೆ ನೆರಳು ಅತ್ತ ಸರಿದಿರುತ್ತದೆ. ನೆರಳು ನಡೆಯುತ್ತದೆ, ಸರಪಳಿ ನಡೆಯುವುದಿಲ್ಲ. ಕಾಲಿಗೆ ಸುತ್ತಿಕೊಂಡ ಸರಪಳಿಯಿಂದ ನೀರಿನ ಬೋಗುಣಿ ಉರುಳಿತೆಂದರೆ ಮುಗಿಯಿತು.

ಕುರಿಹಿಂಡಿನ ಹಿಂದೆ

ಗಡಿನಾಡಿನ ಬೇಸಿಗೆಯ ನಾಯಿಯೆಂದರೆ ಮೊದಲು ನೆನಪಾಗುವುದು ಕುರಿಗಾರರ ನಾಯಿ. ಜತ್ತ ತಾಲ್ಲೂಕಿನ ಮಾಡಗ್ಯಾಳ ತನ್ನ ಹೆಸರಿನ ಕುರಿ ತಳಿಯಿಂದಲೇ ದೂರದೂರಕ್ಕೆ ಪರಿಚಿತ. ಅತ್ತ ಆದವಾನಿ, ರಾಯದುರ್ಗ, ಮಡಕಶಿರಾ ಸೀಮೆಯೂ ಕುರಿಯ ಸೀಮೆಯೇ. ಕುರುಬರು, ಧನಗರರು ಹಿಂಡು ಹೊಡೆದುಕೊಂಡು ಊರಿಂದೂರಿಗೆ ಹೋಗುತ್ತಾರೆ. ರಾತ್ರಿ ಹೊಲದಲ್ಲಿ ಕುರಿ ತರುಬಿದಾಗ ತೋಳಕ್ಕೂ ಕಳ್ಳರಿಗೂ ಎದುರಾಗಿ ನಿಲ್ಲುವುದು ನಾಯಿ. ಸೊಲ್ಲಾಪುರದ ಬಳಿಯ ನಾನ್ನಜದ ಹುಲ್ಲುಗಾವಲಿನಲ್ಲಿ ಇಂದಿಗೂ ತೋಳಗಳಿವೆ. ಅಂದಮೇಲೆ ಈ ನಾಯಿಗೆ ರಾತ್ರಿಯಿಡೀ ಪಾಳಿ. ಬೆಳಗಾದರೆ ಹಿಂಡಿನ ಜತೆ ಮತ್ತೆ ನಡಿಗೆ. ಇದರ ನಿದ್ದೆ ಯಾವಾಗ?

ಮುಧೋಳ ನಾಯಿ ಈ ಒಣನೆಲದ ಕೂಸು. ಮಹಾರಾಷ್ಟ್ರದ ಕಡೆ ‘ಕಾರವಾನಿ’ ಎಂದು ಕರೆಯುವುದೂ ಇದೇ ಬಗೆಯ ನಾಯಿಯನ್ನು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ಹೊರಡಿಸಿತ್ತು. ಸಣಕಲು ಮೈ, ಗಿಡ್ಡ ಕೂದಲು, ಉದ್ದ ಮೂತಿ, ಆಳವಾದ ಎದೆ, ಇವೆಲ್ಲ ಬಿಸಿಲಿಗೆ ಒಗ್ಗುವ ಲಕ್ಷಣಗಳೇ. ಉದ್ದ ಮೂತಿ ಎಂದರೆ ಏದಲು ಹೆಚ್ಚು ಜಾಗ. ಆದರೆ ಅದೂ ಬೆವರದ ಪ್ರಾಣಿಯೇ. ಓಡುವಾಗ ಸ್ನಾಯುಗಳು ಬಳಸುವ ಶಕ್ತಿಯ ಬಹುಪಾಲು ಬಿಸಿಯಾಗಿ ಮೈಯಲ್ಲೇ ಉಳಿಯುತ್ತದೆ. ಬೈಕಿನ ಹಿಂದೆ ನಾಯಿಯನ್ನು ಓಡಿಸಿಕೊಂಡು ಹೋಗುವವರು, ಉರಿಬಿಸಿಲಲ್ಲಿ ಓಟದ ಪಂದ್ಯಕ್ಕೆ ಇಳಿಸುವವರು ಈ ಲೆಕ್ಕವನ್ನು ಮರೆಯಬಾರದು. ಬ್ರಿಟನ್ನಿನಲ್ಲಿ ಬಿಸಿಯಿಂದ ಬಳಲಿದ ನಾಯಿಗಳ ಬಗ್ಗೆ 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಸುಮಾರು ಮುಕ್ಕಾಲು ಪಾಲು ಪ್ರಕರಣಗಳಿಗೆ ಕಾರಣ ಓಟ, ನಡಿಗೆ, ಆಟ. ಕಾರಿನಲ್ಲಿ ಸಿಕ್ಕಿ ಬಳಲಿದವು ನೂರಕ್ಕೆ ಐದರಷ್ಟು ಮಾತ್ರ. ಅಂಥ ತಂಪು ದೇಶದಲ್ಲೇ ಹೀಗಾದರೆ ನಮ್ಮ ಬಯಲುಸೀಮೆಯ ಗತಿ?

ಕುರಿಗಾರರು ಹಿಂಡನ್ನು ನಸುಕಿನಲ್ಲಿ ಹೊಡೆದು, ಬಿಸಿಲೇರುವ ಮೊದಲೇ ಮರದಡಿ ನಿಲ್ಲಿಸಿ, ಇಳಿಹೊತ್ತಿಗೆ ಮತ್ತೆ ಹೊರಡುವುದು ಹಿಂದಿನಿಂದ ಬಂದ ಪದ್ಧತಿ. ಅದು ನಾಯಿಗೂ ಸರಿಯಾದ ಪದ್ಧತಿಯೇ. ಕಷ್ಟ ಬರುವುದು ಡಾಂಬರು ರಸ್ತೆ ಹಿಡಿದು ಹೋಗಬೇಕಾದಾಗ. ಕಾದ ಡಾಂಬರಿನ ಮೇಲೆ ನಿಮ್ಮ ಮುಂಗೈಯ ಹಿಂಭಾಗ ಐದಾರು ಎಣಿಸುವಷ್ಟು ಹೊತ್ತು ಇಟ್ಟು ನೋಡಿ. ಇಡಲು ಆಗದಿದ್ದರೆ ನಾಯಿಯ ಅಂಗಾಲೂ ಸುಡುತ್ತದೆ ಎಂದೇ ಅರ್ಥ. ರಸ್ತೆ ಪಕ್ಕದ ಮಣ್ಣಿನ ಅಂಚಿನಲ್ಲಿ ನಡೆಸುವುದು ಮೇಲು.

ಇನ್ನು ಪೇಟೆಯ ನಾಯಿಗಳು. 2003ರ ಮೊಬೈಲ್ ಕಂಪನಿಯೊಂದರ ಜಾಹೀರಾತಿನ ನಂತರ ಪಗ್ ನಾಯಿ ಸಣ್ಣ ಊರುಗಳಿಗೂ ಬಂತು. ಚಪ್ಪಟೆ ಮೂತಿಯ ಪಗ್, ಬುಲ್‌ಡಾಗ್‌ಗಳಿಗೆ ಏದಲು ಜಾಗವೇ ಇಲ್ಲ. ಇವು ಸೊಲ್ಲಾಪುರದ ಝಳಕ್ಕೂ ಅಲ್ಲ, ಕಾಸರಗೋಡಿನ ಸೆಕೆಗೂ ಅಲ್ಲ. ಸಾಕಿದವರು ಬೇಸಿಗೆಯ ಮಧ್ಯಾಹ್ನ ಅವನ್ನು ಮನೆಯೊಳಗೇ ಇರಿಸಿಕೊಳ್ಳಬೇಕು. ಮುದಿ ನಾಯಿ, ಬೊಜ್ಜು ಬೆಳೆದ ನಾಯಿ, ಮರಿಗಳಿಗೂ ಇದೇ ಮಾತು. ನೀಲಗಿರಿಯ ಚಳಿಯಲ್ಲಿ ಬೆಳೆದ ನಾಯಿಯನ್ನು ಘಟ್ಟ ಇಳಿಸಿ ಬಯಲಿಗೆ ತಂದರೆ ಅದಕ್ಕೆ ಬಿಸಿಲು ಒಗ್ಗಲು ವಾರಗಳೇ ಬೇಕು. ಜರ್ಮನ್ ಶೆಫರ್ಡ್, ಸ್ಪಿಟ್ಜ್‌ನಂಥ ದಟ್ಟ ಕೂದಲಿನ ನಾಯಿಯ ಮೈಯನ್ನು ಬೋಳಿಸಿಬಿಡುವುದೂ ತಪ್ಪು. ಆ ಕೂದಲು ಬಿಸಿಲನ್ನು ತಡೆಯುವ ಕಂಬಳಿಯೂ ಹೌದು. ಬಾಚಿ, ಸತ್ತ ಕೂದಲು ತೆಗೆದರೆ ಸಾಕು.

ಹುಚ್ಚೋ, ಝಳವೋ?

ಬಿಸಿಲಿಗೆ ನಾಯಿಗೆ ಹುಚ್ಚು ಹಿಡಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಇದು ತಪ್ಪು. ಹುಚ್ಚು ಬರುವುದು ವೈರಸ್ಸಿನಿಂದ, ಇನ್ನೊಂದು ರೋಗಿಷ್ಠ ಪ್ರಾಣಿಯ ಕಡಿತದಿಂದ. ಬಿಸಿಲಿನಿಂದಲ್ಲ. ಆದರೆ ಝಳ ಬಡಿದ ನಾಯಿಯೂ ಜೊಲ್ಲು ಸುರಿಸುತ್ತದೆ, ತೂರಾಡುತ್ತದೆ, ಕರೆದರೆ ತಿರುಗಿ ನೋಡುವುದಿಲ್ಲ, ಕೊನೆಗೆ ಸೆಟೆದು ಬೀಳುತ್ತದೆ. ಅದನ್ನು ಕಂಡವರು ‘ಹುಚ್ಚನಾಯಿ ಬಂತು’ ಎಂದು ಕಲ್ಲು, ಬಡಿಗೆ ಎತ್ತಿಕೊಳ್ಳುತ್ತಾರೆ. ಒಂದು ಕೊಡ ನೀರಿನಿಂದ ಬದುಕಬಹುದಾಗಿದ್ದ ನಾಯಿ ಬಡಿಗೆ ಏಟಿಗೆ ಸಾಯುವುದು ವಿಪರ್ಯಾಸವಲ್ಲದೆ ಮತ್ತೇನು?

ಹಾಗೆಂದು ಮೈಮರೆಯುವಂತೆಯೂ ಇಲ್ಲ. ಗುರುತಿಲ್ಲದ ನಾಯಿಗೆ ನಿಜವಾಗಿಯೇ ಹುಚ್ಚು ಇರಬಹುದು. ಅದರ ಬಾಯಿಗೆ ಕೈ ಹಾಕಬೇಡಿ. ದೂರದಿಂದಲೇ ನೀರು ಎರಚಿ, ಮಕ್ಕಳನ್ನು ಆಚೆ ಕಳಿಸಿ, ಪಶುವೈದ್ಯರಿಗೋ ಪಂಚಾಯ್ತಿಗೋ ತಿಳಿಸಿ. ಕಡಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಲಸಿಕೆಗೆ ಹೋಗಿ. ಮನೆಯ ನಾಯಿಗೆ ವರ್ಷ ವರ್ಷವೂ ಲಸಿಕೆ ಹಾಕಿಸಿದ್ದರೆ ಬ್ಯಾಸಗ್ಯಾಗ ಈ ಅನುಮಾನವೂ ಕಡಿಮೆ, ಆ ನಾಯಿಗೆ ಬಡಿಗೆ ಏಟೂ ತಪ್ಪೀತು.

ತೊಂಬತ್ತು ನಿಮಿಷ

ಝಳ ಬಡಿದ ಲಕ್ಷಣ ಹೀಗೆ: ಮೊದಲು ನಾಲಿಗೆ ಅಗಲವಾಗಿ ಚಾಚಿ, ಬಿಡುವಿಲ್ಲದೆ ಏದುತ್ತದೆ. ಅಂಟಂಟಾದ ಜೊಲ್ಲು ಇಳಿಯುತ್ತದೆ. ಒಸಡು ಕೆಂಪಗೆ ಕೆಂಡದಂತಾಗುತ್ತದೆ. ನಡಿಗೆ ತಡವರಿಸುತ್ತದೆ. ಆಮೇಲೆ ವಾಂತಿ, ರಕ್ತಭೇದಿ, ಸೆಳೆತ, ಪ್ರಜ್ಞೆ ತಪ್ಪುವುದು. ಮೈ ತಾಪ 106 ಡಿಗ್ರಿ ಫ್ಯಾರನ್‌ಹೀಟ್ ದಾಟಿತೆಂದರೆ ಮಿದುಳು, ಮೂತ್ರಪಿಂಡ, ಕರುಳು ಎಲ್ಲಕ್ಕೂ ಕುತ್ತು.

ಇಸ್ರೇಲಿನ ಪಶುವೈದ್ಯರು 1999ರಿಂದ 2004ರವರೆಗೆ ತಮ್ಮಲ್ಲಿಗೆ ಬಂದ ಇಂಥ 54 ನಾಯಿಗಳ ದಾಖಲೆ ಪರಿಶೀಲಿಸಿ 2006ರಲ್ಲಿ ವರದಿ ಪ್ರಕಟಿಸಿದರು. ಆಸ್ಪತ್ರೆ ತಲುಪಿದರೂ ಅರ್ಧದಷ್ಟು ನಾಯಿಗಳು ಉಳಿಯಲಿಲ್ಲ. ಬರುವುದು 90 ನಿಮಿಷಕ್ಕಿಂತ ತಡವಾದವುಗಳಿಗೆ ಸಾವಿನ ಅಪಾಯ ಹೆಚ್ಚಾಗಿತ್ತು.

ಈ 90 ನಿಮಿಷದ ಮಾತು ಗಡಿನಾಡಿನವರಿಗೆ ಚುರುಕು ಮುಟ್ಟಿಸಬೇಕು. ಗಡಿಯಂಚಿನ ಹಳ್ಳಿಗೆ ಜಿಲ್ಲಾ ಕೇಂದ್ರ ದೂರ. ಹತ್ತಿರದ ಪಶು ಆಸ್ಪತ್ರೆ ಕೆಲವೊಮ್ಮೆ ಗಡಿಯಾಚೆಯ ಊರಿನಲ್ಲಿರುತ್ತದೆ. ಮಧ್ಯಾಹ್ನದ ಹೊತ್ತು ಬಸ್ಸು ಇಲ್ಲ, ನಾಯಿಯನ್ನು ಹತ್ತಿಸಿಕೊಳ್ಳುವ ಟಂಟಂ ಸಿಗುವುದಿಲ್ಲ. ಅಂದರೆ ನಮ್ಮ ನಾಯಿಯ ಮೊದಲ ವೈದ್ಯರು ನಾವೇ. ‘ಮೊದಲು ತಣಿಸಿ, ಆಮೇಲೆ ಸಾಗಿಸಿ’ ಎಂಬುದು ಇಂದು ಪಶುವೈದ್ಯರು ಒತ್ತಿ ಹೇಳುವ ಸೂತ್ರ.

ತಣಿಸುವುದು ಹೇಗೆ? ನಾಯಿಯನ್ನು ನೆರಳಿಗೆ ತನ್ನಿ. ಮೈತುಂಬ ನೀರು ಸುರಿಯಿರಿ. ಬೆನ್ನಿಗಷ್ಟೇ ಅಲ್ಲ, ಹೊಟ್ಟೆ, ತೊಡೆಯ ಸಂದಿ, ಕಂಕುಳಿಗೂ ನೀರು ತಾಗಲಿ. ಮೂಗು, ಬಾಯಿಗೆ ನೀರು ನುಗ್ಗದಂತೆ ತಲೆಯನ್ನು ಎತ್ತಿ ಹಿಡಿಯಿರಿ. ಬಾವಿ ನೀರು, ಕೊಡದ ನೀರು, ಬೋರಿನ ನೀರು, ನಾಯಿಯ ಮೈಗಿಂತ ತಣ್ಣಗಿದ್ದರೆ ಯಾವುದಾದರೂ ಆದೀತು. ಆದರೆ ಬಿಸಿಲಲ್ಲಿ ಬಿದ್ದ ಪೈಪಿನ ಮೊದಲ ನೀರು ಕುದಿಯುವಂತಿರುತ್ತದೆ. ಅದನ್ನು ಹರಿಯಬಿಟ್ಟು, ಕೈಗೆ ತಂಪು ಹತ್ತಿದ ಮೇಲೆ ಹಿಡಿಯಿರಿ.

ಝಳ, ಸೆಕೆಯ ವ್ಯತ್ಯಾಸ ಉಪಯೋಗಕ್ಕೆ ಬರುವುದು ಇಲ್ಲೇ. ಸೊಲ್ಲಾಪುರ, ರಾಯದುರ್ಗದಂಥ ಒಣ ಸೀಮೆಯಲ್ಲಿ ನೀರು ಕಡಿಮೆ, ಆದರೆ ಗಾಳಿ ಒಣ. ಒಂದೆರಡು ಕೊಡ ನೀರಿನಿಂದ ಮೈ ನೆನೆಸಿ ಫ್ಯಾನ್ ಹಾಕಿ, ಇಲ್ಲವೇ ಟವೆಲ್ಲು ಬೀಸಿ. ನೀರು ಬೇಗ ಆರುತ್ತ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ಆರಿದಂತೆ ಮತ್ತೆ ನೆನೆಸಿ. ಕಾಸರಗೋಡಿನ ಕಡೆ ನೀರು ಆರುವುದು ನಿಧಾನ. ಆದ್ದರಿಂದ ಅಲ್ಲಿ ಗಾಳಿಗಿಂತ ನೀರಿನ ತಂಪನ್ನೇ ನೆಚ್ಚಬೇಕು. ಬಾವಿಯಿಂದ ಸೇದಿ ಸೇದಿ ಬಿಡದೆ ಸುರಿಯಿರಿ. ಪ್ರಜ್ಞೆಯಿರುವ, ಗಟ್ಟಿಮುಟ್ಟಾದ ಎಳೆಪ್ರಾಯದ ನಾಯಿಯಾದರೆ ತಲೆ ಮೇಲಿಟ್ಟು ತೊಟ್ಟಿಯಲ್ಲೋ ತೋಡಿನಲ್ಲೋ ಕುತ್ತಿಗೆಯವರೆಗೆ ಮುಳುಗಿಸಿ ಹಿಡಿಯಬಹುದು.

ಒದ್ದೆ ಗೋಣಿಚೀಲ ಹೊದಿಸಿ ಬಿಡುವ ಅಭ್ಯಾಸ ಎರಡೂ ಕಡೆ ಇದೆ. ಸ್ವಲ್ಪ ಹೊತ್ತಿನಲ್ಲೇ ಆ ಚೀಲ ಬಿಸಿಯಾಗಿ, ಮೈಯ ಕಾವು ಹೊರಗೆ ಹೋಗದಂತೆ ತಡೆಯುತ್ತದೆ. ಒದ್ದೆ ಚೀಲವನ್ನು ಕೆಳಗೆ ಹಾಸಿ, ಮೇಲೆ ಹೊದಿಸಬೇಡಿ.

ಎಚ್ಚರವಿರುವ ನಾಯಿ ತಾನೇ ಕುಡಿದಷ್ಟು ನೀರು ಕುಡಿಯಲಿ. ಪ್ರಜ್ಞೆಯಿಲ್ಲದ ನಾಯಿಯ ಬಾಯಿಗೆ ನೀರು ಹೊಯ್ದರೆ ಅದು ಶ್ವಾಸಕೋಶಕ್ಕೆ ಇಳಿದೀತು. ನಮ್ಮ ಜ್ವರದ ಮಾತ್ರೆ ಕೊಡಲೇಬೇಡಿ. ಇದು ಜ್ವರವಲ್ಲ, ಮಾತ್ರೆಯಿಂದ ಇಳಿಯುವುದಿಲ್ಲ, ಮೇಲಾಗಿ ನಾಯಿಯ ಯಕೃತ್ತಿಗೆ ಕೇಡು. ಝಳಕ್ಕೆ ಉಳ್ಳಾಗಡ್ಡಿ ಮದ್ದೆಂದು ಮಜ್ಜಿಗೆಗೋ ರೊಟ್ಟಿಗೋ ಬೆರೆಸಿ ನಾಯಿಗೂ ಹಾಕುವವರಿದ್ದಾರೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಎರಡೂ ನಾಯಿಯ ರಕ್ತಕಣಗಳನ್ನು ಒಡೆಯುತ್ತವೆ. ನಮಗೆ ತಂಪಾದದ್ದು ಅದಕ್ಕೆ ವಿಷ.

ಏದುಸಿರು ಇಳಿದು, ಎದ್ದು ನಿಂತಿತೆಂದು ಸುಮ್ಮನಾಗಬೇಡಿ. ಥರ್ಮಾಮೀಟರ್ ಇದ್ದರೆ ಗುದದಲ್ಲಿಟ್ಟು ನೋಡಿ, 103ರ ಆಸುಪಾಸಿಗೆ ಬಂದ ಮೇಲೆ ನೀರು ಸುರಿಯುವುದನ್ನು ನಿಲ್ಲಿಸಿ ವೈದ್ಯರ ಬಳಿ ಒಯ್ಯಿರಿ. ಒಳಗಿನ ಹಾನಿ ಒಂದೆರಡು ದಿನ ಕಳೆದು ಹೊರಬೀಳುವುದುಂಟು. ಹಲವು ರಾಜ್ಯಗಳಲ್ಲಿ 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶುವೈದ್ಯ ಘಟಕದ ನೆರವು ಸಿಗುತ್ತದೆ. ಗಡಿಯ ಈಚೆಯಾಗಲಿ ಆಚೆಯಾಗಲಿ, ಹತ್ತಿರದ ಪಶುವೈದ್ಯರ ಫೋನ್ ನಂಬರನ್ನು ಈಗಲೇ ಗೋಡೆಯ ಮೇಲೆ ಬರೆದಿಡಿ.

ಬರುವ ಮೊದಲೇ

ಇಷ್ಟೆಲ್ಲ ಪರದಾಟಕ್ಕಿಂತ ಮುಂಜಾಗ್ರತೆ ಸುಲಭ, ಖರ್ಚೂ ಇಲ್ಲ. ಇಪ್ಪತ್ತು ಕಿಲೋ ತೂಗುವ ನಾಯಿಗೆ ದಿನಕ್ಕೆ ಒಂದು ಲೀಟರಿನ ಮೇಲೆ ನೀರು ಬೇಕು. ಬೇಸಿಗೆಯಲ್ಲಿ ಅದರ ದುಪ್ಪಟ್ಟಾದರೂ ಆದೀತು. ಸ್ಟೀಲಿನ ತಾಟಿನ ನೀರು ಬಿಸಿಲಿಗೆ ಕಾಯುತ್ತದೆ. ಮಣ್ಣಿನ ಬಾನಿ, ಕಲ್ಲಿನ ದೋಣಿಯಾದರೆ ತಂಪು. ಒಂದು ಉರುಳಿದರೂ ಇನ್ನೊಂದಿರಲಿ ಎಂದು ಎರಡು ಕಡೆ ಇಡಿ. ನಡಿಗೆ, ಓಟ ಏನಿದ್ದರೂ ಬೆಳಿಗ್ಗೆ ಏಳರೊಳಗೆ, ಇಲ್ಲವೇ ನೆಲ ತಣಿದ ಮೇಲೆ. ಕಟ್ಟುವುದೇ ಆದರೆ ಮಧ್ಯಾಹ್ನದ ನೆರಳು ಎಲ್ಲಿ ಬೀಳುತ್ತದೆಂದು ನೋಡಿ ಕಟ್ಟಿ. ರಾತ್ರಿ ಕಾವಲಿದ್ದ ನಾಯಿಗೆ ಹಗಲು ನಿದ್ದೆ ಬಿಡಿ. ನಾಯಿ ತಾನೇ ಹಸಿ ಮಣ್ಣು ಕೆದರಿ ಮಲಗಿದರೆ ಅಂಗಳ ಕೆಟ್ಟಿತೆಂದು ಎಬ್ಬಿಸಬೇಡಿ. ಅದಕ್ಕೆ ಗೊತ್ತಿರುವ ತಂಪು ಅದು.

ಬೀದಿ ನಾಯಿಗೂ ಬಾಯಾರಿಕೆ ಒಂದೇ. ನಮ್ಮ ಹಿರಿಯರು ದಾರಿಹೋಕರಿಗೆ ಅರವಟ್ಟಿಗೆ ಇಟ್ಟರು, ದನಕರುಗಳಿಗೆ ಕಲ್ಲಿನ ದೋಣಿ ಕಟ್ಟಿಸಿದರು. ಬಾಗಿಲ ಮುಂದೆ ಒಂದು ಬಾನಿ ನೀರಿಡಲು ನಮಗೇನು ಬಡತನ? ನಾಳೆ ಬೆಳಿಗ್ಗೆಯೇ ಒಂದು ಬಾನಿ ತುಂಬಿಸಿ ನೆರಳಲ್ಲಿಡಿ, ಸಂಜೆ ತೊಳೆದು ಮತ್ತೆ ತುಂಬಿಸಿ.